ಮಗಳಿಗೊಂದು ಪತ್ರ: ಗುವಾಹಟಿ ಚಿಕ್ಕಮ್ಮ ನಮಗೆ ಸಿಕ್ಕಿದ್ದು ಹೀಗೆ

ಪುಟ್ಟಿ,

ನಿನ್ನೆ ಫೋನಿನಲ್ಲಿ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡೋಕಾಗಲಿಲ್ಲ. ಹಾಸ್ಟೆಲ್ ಮೆಸ್ಸಿನಲ್ಲಿ ಯಾರೋ ಸೀನಿಯರ್ ನಿನ್ನ ಟೀ ಶರ್ಟಿನ ಮೇಲಿನ ಎಡ್ಡಿಯನ್ನು, ಅಂದರೆ ಇಂಗ್ಲೆಂಡಿನ ನಮ್ಮ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ನಿನ ಗುರುತಿನ ಭೂತವನ್ನು ನೋಡಿ, ಅವರ ಅಭಿಮಾನಿಗಳು ಒಬ್ಬರಿಗೊಬ್ಬರು ಹೇಳೋ ಹಾಗೆ "ಅಪ್ ದಿ ಐರನ್ಸ್" ಅಂತ ಕೂಗಿ, ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು ಅಂದೆ. ಅಷ್ಟಕ್ಕೇ ಅವಳು ನಮ್ಮವಳು ಅನ್ನಿಸಿಬಿಟ್ಟಿತು, ಇದು ಸರೀನಾ ಅಮ್ಮ ಅಂತ ಕೇಳಿದೆ.

ಸರಿ ಕಣೇ.

2007ರ ಮಾರ್ಚ್ 17, ಬೆಂಗಳೂರಿನ ಪ್ಯಾಲೇಸ್ ಗ್ರೌಂಡ್ಸ್. ಐರನ್ ಮೇಡನ್ ಭಾರತಕ್ಕೆ ಬಂದಿದ್ದು ಅದೇ ಮೊದಲು. ನಾನು ಅವರ ಹಾಡು ಕೇಳಿ ಬೆಳೆದಿದ್ದು ಕೈಯಿಂದ ಕೈಗೆ ಬಂದ ಕ್ಯಾಸೆಟ್ಟುಗಳಲ್ಲಿ, ಬಾಗಿಲು ಹಾಕಿಕೊಂಡು, ಒಬ್ಬಳೇ. ನಮ್ಮ ಬೀದಿಯಲ್ಲಿ ಇನ್ನೊಬ್ಬರಿಗೆ ಆ ಹೆಸರೇ ಗೊತ್ತಿರಲಿಲ್ಲ. ಅವತ್ತು ಮೇಖ್ರಿ ಸರ್ಕಲ್ ಹತ್ತಿರ ಬಸ್ ಇಳಿದರೆ ಎಲ್ಲಿ ನೋಡಿದರೂ ಕಪ್ಪು ಟೀ ಶರ್ಟು. ಇಷ್ಟು ಜನ ಇಷ್ಟು ವರ್ಷ ಎಲ್ಲಿದ್ದರು ಅನ್ನಿಸಿತು.

'ಫಿಯರ್ ಆಫ್ ದ ಡಾರ್ಕ್' ಶುರುವಾದಾಗ ಗಿಟಾರಿನ ರಾಗವನ್ನು ಇಡೀ ಮೈದಾನ "ಓ ಓ" ಅಂತ ಹಾಡಿತು. ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. 2001ರಲ್ಲಿ ರಿಯೊದಲ್ಲಿ ರೆಕಾರ್ಡ್ ಆದ ಶೋನಲ್ಲಿ ಬ್ರೆಜಿಲಿನ ಜನ ಹಾಗೆ ಹಾಡಿದ್ದನ್ನು ಕೇಳಿ ಕೇಳಿ ನಮ್ಮ ಬಾಯಿಗೂ ಬಂದಿತ್ತು. ಪಕ್ಕದಲ್ಲಿ ಒಬ್ಬಳು ಹುಡುಗಿ, ಗಂಟಲು ಪೂರ್ತಿ ಕಟ್ಟಿದೆ, ಆದರೂ ಹಾಡ್ತಾನೇ ಇದ್ದಾಳೆ. ನನ್ನ ನೀರಿನ ಬಾಟಲಿ ಕೊಟ್ಟೆ. ಶೋ ಮುಗಿದ ಮೇಲೆ ಗೊತ್ತಾಯಿತು, ಗುವಾಹಟಿಯಿಂದ ಎರಡು ದಿನಕ್ಕೂ ಜಾಸ್ತಿ ರೈಲಿನಲ್ಲಿ ಕೂತು ಬಂದಿದ್ದಾಳೆ, ಉಳಿಸಿಕೊಳ್ತೀನಿ ಅಂದಿದ್ದವರು ಫೋನ್ ಎತ್ತುತ್ತಿಲ್ಲ. ಮನೆಗೆ ಕರಕೊಂಡು ಬಂದೆ. ನಿಮ್ಮಜ್ಜಿ ಬಾಗಿಲು ತೆಗೆದು, "ಯಾರಮ್ಮ ಇವಳು?" ಅಂದರು. "ನಮ್ಮ ಫ್ರೆಂಡ್, ಅತ್ತೆ" ಅಂದೆ. ಹೆಸರು ಕೇಳೋದನ್ನೇ ಮರೆತಿದ್ದೆ! ಅಜ್ಜಿ ಮತ್ತೇನೂ ಕೇಳದೆ ಉಳಿದಿದ್ದ ಅನ್ನಕ್ಕೆ ಒಗ್ಗರಣೆ ಹಾಕಿ, ನಿಂಬೆಹಣ್ಣು ಹಿಂಡಿ, ಚಿತ್ರಾನ್ನ ಮಾಡಿಕೊಟ್ಟರು. ನೀನು ಹುಟ್ಟಿದಾಗಿನಿಂದ ಗುವಾಹಟಿ ಚಿಕ್ಕಮ್ಮ ಅಂತೀಯಲ್ಲ, ಅವಳೇ ಅವಳು.

ನಮ್ಮ ಕಡೆ ಹೊಸಬರು ಸಿಕ್ಕರೆ ಊರು ಕೇಳ್ತಾರೆ, ಆಮೇಲೆ ಯಾರ ಮಗಳು ಅಂತಾರೆ, ಸುತ್ತಿ ಬಳಸಿ ಜಾತಿಗೇ ಬರ್ತಾರೆ. ಅವಳು ನನ್ನನ್ನು ಕೇಳಿದ್ದು ಯಾವ ಆಲ್ಬಂನಿಂದ ಶುರು ಮಾಡಿದೆ ಅಂತ. ಆ ಪ್ರಶ್ನೆಗೆ ಉತ್ತರ ಹೇಳೋಕೆ ಹೋದರೆ ಎಷ್ಟನೇ ಕ್ಲಾಸಿನಲ್ಲಿದ್ದೆ, ಆಗ ಮನೆಯಲ್ಲಿ ಏನು ನಡೀತಿತ್ತು, ಯಾಕೆ ಅಳು ಬರ್ತಿತ್ತು, ಎಲ್ಲವೂ ಹೊರಗೆ ಬರುತ್ತೆ. ಪರಿಚಯ ಅಂದರೆ ಅದಲ್ವಾ?

ಮೇಡನ್ನಿನ ಡ್ರಮ್ಮರ್ ನಿಕೊ ಮೆಕ್‌ಬ್ರೇನ್ ವಿಷಯ ನಿನಗೆ ನೆನಪಿದೆ. 2023ರ ಜನವರಿಯಲ್ಲಿ ಸ್ಟ್ರೋಕ್ ಆಗಿ ಬಲಭಾಗವೇ ಬಿದ್ದುಹೋಗಿದ್ದರೂ ಅದೇ ವರ್ಷ ಮತ್ತೆ ಡ್ರಮ್ಸ್ ಮುಂದೆ ಕೂತ ಮನುಷ್ಯ. 2024ರ ಡಿಸೆಂಬರ್ 7ಕ್ಕೆ ಸಾವೊ ಪೌಲೊದಲ್ಲಿ ಇದೇ ನನ್ನ ಕೊನೆ ಶೋ ಅಂದಾಗ ಮೊದಲು ಫೋನ್ ಮಾಡಿದ್ದು ಚಿಕ್ಕಮ್ಮನೇ. ಇಬ್ಬರೂ ಜಾಸ್ತಿ ಮಾತಾಡಲಿಲ್ಲ. ಆ ದುಃಖ ನಿಮ್ಮಪ್ಪನಿಗೆ ವಿವರಿಸಿ ಹೇಳಬೇಕು, ಅವಳಿಗೆ ಬೇಕಿಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಟೀ ಶರ್ಟ್ ಹಾಕಿಕೊಂಡ ಹೊಸ ಹುಡುಗಿ ಕಂಡರೆ, "ಹಾಗಾದ್ರೆ ಅವರ ಐದು ಹಾಡಿನ ಹೆಸರು ಹೇಳು ನೋಡೋಣ" ಅಂತ ಪರೀಕ್ಷೆ ಮಾಡಬೇಡ. ಹುಡುಗಿಯರಿಗೇ ಈ ಪರೀಕ್ಷೆ ಜಾಸ್ತಿ, ನನಗೂ ಮಾಡಿದ್ದಾರೆ, ಮೈ ಉರಿಯುತ್ತೆ. ಒಂದೇ ಹಾಡು ಗೊತ್ತಿದ್ದರೂ ಅವಳು ನಮ್ಮವಳೇ, ಉಳಿದಿದ್ದು ನೀನು ಕೇಳಿಸು.

ಅಂದ ಹಾಗೆ, ಚಿಕ್ಕಮ್ಮನ ಮಗಳಿಗೂ ಪುಣೆಯಲ್ಲೇ ಸೀಟು ಸಿಕ್ಕಿದೆ, ಮುಂದಿನ ವಾರ ಬರ್ತಾಳೆ. ಅವಳು ಮೇಡನ್ ಕೇಳೋದಿಲ್ಲ, ಕೊರಿಯಾದ ಪಾಪ್ ಬ್ಯಾಂಡ್ ಬಿಟಿಎಸ್ ಅಂದರೆ ಪ್ರಾಣ. ಅವರ ಹಾಡು ಕೇಳಿಸು ಅಂತ ನೀನೇ ಅವಳನ್ನು ಕೇಳು. ಸ್ಟೇಷನ್‌ಗೆ ತಪ್ಪದೇ ಹೋಗು, ರೈಲು ಬರೋ ಹೊತ್ತು ಆಮೇಲೆ ಕಳಿಸ್ತೀನಿ.

ನಿನ್ನ
ಅಮ್ಮ