ದೋಣಿ ಯಾವಾಗ ಬರ್ತದೆ ಅಂತ ಕೇಳಿದರು

ಪುಟ್ಟೀ,

ನಿನ್ನ ಸೂಟ್‌ಕೇಸ್ ತೂಕ ನೋಡಿ ಅಪ್ಪ ಈಗಷ್ಟೇ ಮಲಗಿದರು. ಇನ್ನೂ ಅರ್ಧ ಕೆಜಿಗೆ ಜಾಗ ಇದೆಯಂತೆ. ಅದರಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಿಡಿಸಬಹುದು ಅಂತ ನಾನು, ಬೇಡ ಅಂತ ನೀನು. ಇವತ್ತು ನಾವಿಬ್ಬರು ಆಡಿದ್ದು ಅಷ್ಟೇ ಮಾತು. ನಾಳೆ ರಾತ್ರಿ ಸಾಗರದಲ್ಲಿ ರೈಲು ಹತ್ತುತ್ತೀಯ, ನಾಡಿದ್ದು ಜರ್ಮನಿಗೆ ವಿಮಾನ. ಎದುರು ಕೂತು ಹೇಳೋಕೆ ನನಗೆ ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

"ನಿನ್ನ ಫೋನಿನಿಂದಲೇ ಅಜ್ಜಿ ಮನೆ ಬಿಟ್ಟು ಹೋಗಿದ್ದು" ಅಂತ ಜುಲೈಯಲ್ಲಿ ನಾನು ಅಂದೆನಲ್ಲ, ಅದು ತಪ್ಪು. ಮೊದಲೇ ಹೇಳಿಬಿಡುತ್ತೇನೆ. ಅದಾದ ಮೇಲೆ ಹನ್ನೊಂದು ದಿನ ನೀನು ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಅದೂ ನನ್ನದೇ ತಪ್ಪು.

ಅವತ್ತಿನದನ್ನು ನಿನಗೆ ಪೂರ್ತಿ ಹೇಳಿಲ್ಲ ಪುಟ್ಟಿ. ಮಳೆ ಎರಡು ದಿನ ಹೊಳವು ಕೊಟ್ಟಿತ್ತು. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸೋಕೆ ಮರ ಹತ್ತುವ ಕೊನೆಗೌಡ ಸಿಕ್ಕಿದ್ದಾನೆ ಅಂತ ಅಪ್ಪ ತೋಟದಲ್ಲಿದ್ದರು. ಅಜ್ಜಿ ಜಗಲಿಯಲ್ಲಿ ಕೂತಿದ್ದರು. ಮರೆವಿನ ಕಾಯಿಲೆಯಿಂದ ಸಂಜೆ ಹೊತ್ತಿಗೆ ಅವರ ಗಡಿಬಿಡಿ ಜಾಸ್ತಿ, ಆ ಹೊತ್ತಿನಲ್ಲಿ ಒಬ್ಬರು ಜೊತೆಗೇ ಇರಬೇಕು ಅಂತ ಶಿವಮೊಗ್ಗದ ಡಾಕ್ಟರು ಹೇಳಿದ್ದರು. ನನಗೆ ಅದು ಗೊತ್ತಿತ್ತು. ಅಷ್ಟರಲ್ಲಿ ನಿನ್ನ ವಿಡಿಯೋ ಕಾಲ್ ಬಂತು, ವೀಸಾ ಆಯ್ತು ಅಂತ. ಒಳಗೆ ಸಿಗ್ನಲ್ ಸಿಗೋದಿಲ್ಲ ಅಂತ ಹಿತ್ತಿಲಿಗೆ ಹೋದೆ. ನಲವತ್ತು ನಿಮಿಷ ಮಾತಾಡಿದೆವು. ನಿನ್ನ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿ ಎಷ್ಟೋ ದಿನ ಆಗಿತ್ತು. ಮುಗಿಸೋಕೆ ಮನಸ್ಸು ಬರಲಿಲ್ಲ.

ಒಳಗೆ ಬಂದರೆ ಜಗಲಿ ಖಾಲಿ. ಚಪ್ಪಲಿ ಅಲ್ಲೇ ಇದೆ, ಕೊಡೆ ಇಲ್ಲ.

ತೋಟದ ಕಡೆ ಓಡಿದೆ, ಕೊಟ್ಟಿಗೆ ನೋಡಿದೆ, ಬಾವಿಕಟ್ಟೆಯಲ್ಲಿ ಬಗ್ಗಿ ನೋಡಿದೆ. ಬಾವಿ ನೋಡುವಾಗ ಕಾಲು ನಡುಗಿದ್ದು ಈಗಲೂ ಹಾಗೇ ನಡುಗುತ್ತದೆ. ಆಮೇಲೆ ಹಿನ್ನೀರಿನ ದಾರಿ ಹಿಡಿದೆ. ಮಳೆ ಮತ್ತೆ ಶುರುವಾಗಿತ್ತು.

ಅವರು ನೀರಿನ ಅಂಚಿನಲ್ಲೇ ಕೂತಿದ್ದರು. ಕೊಡೆ ಬಿಚ್ಚಿರಲಿಲ್ಲ, ಮಡಿಲಲ್ಲಿ ಮಗುವಿನ ಹಾಗೆ ಮಲಗಿಸಿಕೊಂಡಿದ್ದರು. ಪಕ್ಕದಲ್ಲಿ ಒಂದು ಬಟ್ಟೆ ಚೀಲ. ಅದರಲ್ಲಿ ಮಡಚಿದ ಒಂದು ಸೀರೆ, ಒಂದು ಹಿಡಿ ಅಡಿಕೆ, ನಾಲ್ಕು ವೀಳ್ಯದೆಲೆ. ತವರಿಗೆ ಹೋಗುವವಳು ಬರಿಗೈಲಿ ಹೋಗಬಾರದಲ್ವಾ. ನನ್ನನ್ನು ನೋಡಿ ಗುರುತು ಹಿಡಿಯಲಿಲ್ಲ. "ದೋಣಿ ಯಾವಾಗ ಬರ್ತದೆ?" ಅಂತ ಕೇಳಿದರು. ಮೂವತ್ತು ವರ್ಷ ಒಂದೇ ಒಲೆಯ ಮುಂದೆ ಕೂತು ಅಡುಗೆ ಮಾಡಿದವಳನ್ನು "ಯಾರ ಮನೆಯವಳೇ ನೀನು?" ಅಂದರು. ನಾನು ಸುಮ್ನೆ ನಿಂತಿದ್ದೆ. ಆಮೇಲೆ ಮೆತ್ತಗೆ ಕೇಳಿದರು, "ನೀನೂ ತವರಿಗೆ ಹೊರಟಿದ್ದಾ?"

ಹಿನ್ನೀರು ಇಳಿದಾಗ ಕಾಣುವ ಮಡೆನೂರಿನ ಹಳೇ ಡ್ಯಾಮ್ ನೋಡೋಕೆ ಎಲ್ಲರೂ ಹೋಗಿದ್ದು ನಿನಗೆ ನೆನಪಿದೆ, ಅದನ್ನೇನೂ ಬರೆಯೋದಿಲ್ಲ. ಅಜ್ಜಿ ಅಲ್ಲಿ ನಿಂತು ನೀರಿನ ಕಡೆ ಕೈ ತೋರಿಸಿದರಲ್ಲ, ಆ ಕೈ ತೋರಿಸಿದ ಜಾಗಕ್ಕೇ ಅವರು ಅವತ್ತು ಹೊರಟಿದ್ದು. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಕಟ್ಟಿ ಮುಗಿಸಿದಾಗ ಅವರಿಗೆ ಹದಿನೇಳು. ಮದುವೆಯಾಗಿ ಈ ದಡಕ್ಕೆ ಬಂದು ಒಂದೇ ವರ್ಷ. ನೀರು ನಮ್ಮ ತೋಟದ ಕೆಳಗೆ ಬಂದು ನಿಂತಿತು, ಅವರ ತವರು ಒಳಗೆ ಹೋಯಿತು. ಅವರ ಅಪ್ಪ, ಅವ್ವ, ಅಣ್ಣಂದಿರನ್ನು ಲಾರಿಯಲ್ಲಿ ತುಂಬಿ ಶಿವಮೊಗ್ಗ ಕಡೆಯ ಕಾಡಿನಲ್ಲಿ ಇಳಿಸಿದರಂತೆ. ಅಲ್ಲಿ ಕಾಡು ಕಡಿದು ಮಾಡಿದ ಜಮೀನಿಗೆ ಅಣ್ಣನ ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಓಡಾಡುತ್ತಿದ್ದಾರೆ. ಇದೇ ಹಿನ್ನೀರಿಗೆ ಹೊಳೆಬಾಗಿಲಿನಲ್ಲಿ 2025ರಲ್ಲಿ ಸೇತುವೆ ಆಯ್ತು, ತುಮರಿ ಕಡೆಯವರಿಗೆ ಲಾಂಚ್ ಕಾಯುವ ಕಷ್ಟ ತಪ್ಪಿತು. ಟಿವಿಯಲ್ಲಿ ಆ ಸೇತುವೆ ನೋಡುತ್ತಾ ಅಜ್ಜಿ, "ನಮ್ಮೂರಿಗೂ ಹೋಗ್ತದಾ ಇದು?" ಅಂದಿದ್ದರು. ನಾನು ಒಲೆ ಹತ್ತಿರ ಕೆಲಸ ಇದ್ದ ಹಾಗೆ ಎದ್ದು ಹೋದೆ.

ಇನ್ನೊಂದು ಮಾತು ಇದೆ. ಇದನ್ನು ಅಪ್ಪನಿಗೂ ಹೇಳಿಲ್ಲ. ಆ ದಾರಿಯಲ್ಲಿ ಓಡುವಾಗ, ಅವರು ಇನ್ನೂ ಕಣ್ಣಿಗೆ ಬೀಳುವ ಮೊದಲು, ಒಂದು ಕ್ಷಣ, ಸಿಗದೇ ಹೋದರೂ ಆಯ್ತು ಅನ್ನಿಸಿತು ನನಗೆ. ಮೂರು ವರ್ಷದ ನಿದ್ದೆಗೆಟ್ಟ ರಾತ್ರಿಗಳೆಲ್ಲ ಒಟ್ಟಿಗೆ ಸೇರಿ ಹಾಗೆ ಅನ್ನಿಸಿದವೋ ಏನೋ. ಮರುಕ್ಷಣವೇ ಅವರ ಬಿಳಿ ಕೂದಲು ಕಂಡಿತು. ಅವರನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಅವರು ನನ್ನ ಬೆನ್ನು ಸವರಿದರು, "ಅಳಬೇಡ, ಅವ್ವ ಕಾಯ್ತಾ ಇರ್ತಾಳೆ" ಅಂದರು. ರಾತ್ರಿ ನೀನು ಮತ್ತೆ ಫೋನ್ ಮಾಡಿ "ಅಜ್ಜಿಯನ್ನ ಎಲ್ಲಾದರೂ ಒಳ್ಳೇ ಹೋಂಗೆ ಸೇರಿಸೋಣಮ್ಮ" ಅಂದೆಯಲ್ಲ, ನನ್ನ ಮನಸ್ಸಿನಲ್ಲಿದ್ದದ್ದನ್ನೇ ನೀನು ಬಾಯಿಬಿಟ್ಟು ಹೇಳಿದ ಹಾಗಾಯ್ತು. ಆ ಸಿಟ್ಟು ನಿನ್ನ ಮೇಲೆ ಬಂದದ್ದಲ್ಲ. ಬಿದ್ದದ್ದು ಮಾತ್ರ ನಿನ್ನ ಮೇಲೆ.

ನೀನು ಹೇಳಿದ್ದರಲ್ಲಿ ಸ್ವಲ್ಪ ಸರಿಯೂ ಇತ್ತು. ಬೆಳಗ್ಗೆ ಒಂಬತ್ತರಿಂದ ಎರಡರವರೆಗೆ ನೋಡಿಕೊಳ್ಳೋಕೆ ಪಕ್ಕದ ಕೇರಿಯ ಒಬ್ಬಳು ಬರ್ತಾಳೆ, ಸೋಮವಾರದಿಂದ. ಅಜ್ಜಿಯ ರವಿಕೆಗಳ ಒಳಗೆಲ್ಲ ಅಪ್ಪನ ನಂಬರನ್ನು ಕೆಂಪು ದಾರದಲ್ಲಿ ಹೊಲಿದಿದ್ದೇನೆ. ಎಂಟು ರವಿಕೆ. ಪ್ರತಿ ಅಂಕಿ ಹೊಲಿಯುವಾಗಲೂ, ನಾಳೆ ನನ್ನ ರವಿಕೆಗೆ ಯಾರು ಹೊಲಿಯುತ್ತಾರೆ ಅಂತ ಯೋಚನೆ ಬರುತ್ತಿತ್ತು. ಈ ಕಾಯಿಲೆ ನನಗೂ ಬರಬಹುದು. ಆಗ ನಾನು ಯಾವ ಊರು ಹುಡುಕಿಕೊಂಡು ಹೋಗ್ತೀನೋ. ನೀನು ಎಲ್ಲಿರ್ತೀಯೋ. ಅದಕ್ಕೆ ಈಗಲೇ ಹೇಳ್ತೀನಿ, ನನಗೆ ಹಾಗಾದರೆ ನಿನ್ನ ಓದು, ಕೆಲಸ ಬಿಟ್ಟು ಬಂದು ಕೂರಬೇಡ. ತಮ್ಮನೂ ನೀನೂ ಮಾತಾಡಿಕೊಂಡು ಒಳ್ಳೇ ಜಾಗ ನೋಡಿ. ಇದನ್ನು ಬುದ್ಧಿ ನೆಟ್ಟಗಿರುವಾಗಲೇ ಬರೆದಿಡುತ್ತಿದ್ದೇನೆ.

ವೀಸಾಕ್ಕೆ ಅಂತ ಬ್ಲಾಕ್ಡ್ ಅಕೌಂಟಿಗೆ, ತಿಂಗಳಿಗೆ ಇಷ್ಟೇ ಅಂತ ದುಡ್ಡು ಬಿಡುವ ಆ ಖಾತೆಗೆ, 11,904 ಯೂರೋ ಹಾಕಿದ್ದು ಅಪ್ಪ ಎರಡು ವರ್ಷದ ಅಡಿಕೆ ಕೂಡಿಟ್ಟು. ಅದನ್ನು ಸಾಲ ಅಂತ ತಲೆಗೆ ಹಚ್ಚಿಕೊಳ್ಳಬೇಡ. ಹಾಗಂತ ತಿಂಗಳ ದುಡ್ಡು ಬಂದ ವಾರವೇ ಖಾಲಿ ಮಾಡಬೇಡ. ಚಳಿಗೆ ಕೋಟ್ ಅಲ್ಲೇ ತಗೋ, ಅಗ್ಗದ್ದು ನೋಡಬೇಡ. ಹೊಟ್ಟೆಗೆ ಸರಿಯಾಗಿ ತಿನ್ನು. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡ. ಇದೊಂದು ಮಾತು ಮಾತ್ರ ನೆನಪಿಟ್ಟುಕೋ. ನನ್ನ ತವರಲ್ಲಿ ಪಾಲು ಆದಾಗ ಅಣ್ಣಂದಿರು ತೋರಿಸಿದ ಕಡೆ ನಾನು ಸಹಿ ಹಾಕಿ ಬಂದೆ, ಅರಿಶಿನ ಕುಂಕುಮಕ್ಕೆ ಕರೆದರೆ ಸಾಕು ಅಂತ. ಎರಡು ವರ್ಷ ಕರೆದರು. 2005ರಿಂದ ಕಾನೂನಿನಲ್ಲಿ ಮಗಳಿಗೂ ಮಗನಷ್ಟೇ ಪಾಲು ಇದೆ. ಈ ತೋಟದಲ್ಲಿ ನಿನ್ನ ಪಾಲು ನಿನ್ನದು. ಎಲ್ಲಿದ್ದರೂ ನಿನ್ನದು. ನಾನೇ ಕೇಳಿದರೂ ಬಿಟ್ಟುಕೊಡಬೇಡ.

ಉಪದೇಶ ಜಾಸ್ತಿ ಆಯ್ತು, ಬೇಜಾರು ಮಾಡ್ಕೋಬೇಡ. ನೀನು ಹೋಗುತ್ತಿರುವುದು ನನಗೆ ಹೆಮ್ಮೆ. ನಮ್ಮ ಮನೆಯ ಹೆಣ್ಣುಮಕ್ಕಳಲ್ಲಿ ತನ್ನಿಷ್ಟಕ್ಕೆ ಊರು ಬಿಟ್ಟವಳು ನೀನೇ ಮೊದಲು. ಅಜ್ಜಿಯೂ ನಾನೂ ಮದುವೆ ಮಾಡಿ ಕಳಿಸಿದ್ದಕ್ಕೆ ಬಂದವರು.

ಸಂಜೆ ನಿನ್ನ ಸೂಟ್‌ಕೇಸ್ ನೋಡಿ ಅಜ್ಜಿ ಪಕ್ಕದಲ್ಲೇ ಬಂದು ಕೂತರು, ತಮ್ಮ ಚೀಲ ಹಿಡಿದುಕೊಂಡು. ನೀನು ಸ್ನಾನಕ್ಕೆ ಹೋಗಿದ್ದೆ. "ದೋಣಿ ನಾಳೆ ಬರ್ತದೆ ಅತ್ತೆ" ಅಂದೆ. ಸರಿ ಅಂತ ಎದ್ದು ಬಂದು ಊಟ ಮಾಡಿದರು.

ಅಲ್ಲಿಗೂ ಇಲ್ಲಿಗೂ ಈಗ ಮೂರೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ನಾಲ್ಕೂವರೆ ಅಂತ ಅಪ್ಪ ಹೇಳಿದರು. ಹೊತ್ತು ಲೆಕ್ಕ ಹಾಕಬೇಡ, ಮಾತಾಡಬೇಕು ಅನ್ನಿಸಿದಾಗ ಫೋನ್ ಮಾಡು. ನಿನ್ನೆ ಬಡಗಿ ಬಂದು ಮುಂಬಾಗಿಲ ಮೇಲ್ಗಡೆ, ಅಜ್ಜಿಯ ಕೈಗೆ ಎಟುಕದ ಹಾಗೆ, ಇನ್ನೊಂದು ಚಿಲಕ ಹಾಕಿಕೊಟ್ಟು ಹೋಗಿದ್ದಾನೆ.

ನಿನ್ನ
ಅಮ್ಮ