ದೊಡ್ಡವ್ವನ ಲಾಡಿ ಗಂಟು

ನವನಗರ, ಬಾಗಲಕೋಟೆ

ಬಂಗಾರಿ,

ಆಫೀಸಿನವರು ಚೆಕಪ್ ಮಾಡಿಸಿದ್ರು, ಪ್ಯಾಪ್ ಟೆಸ್ಟೂ ಆಯ್ತು, ಎಲ್ಲಾ ನಾರ್ಮಲ್ ಅವ್ವಾ ಅಂತ ಮೊನ್ನೆ ಫೋನಿನಲ್ಲಿ ಹೇಳಿದೆ. ಖುಷಿಯಾಯಿತು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಆ ಟೆಸ್ಟು ನೋಡುವುದು ಗರ್ಭಕೋಶದ ಬಾಯಿಯನ್ನು ಮಾತ್ರ. ಅಂಡಾಶಯದಲ್ಲಿ ಏನಾದರೂ ಇದ್ದರೆ ಅದರಲ್ಲಿ ಗೊತ್ತಾಗುವುದಿಲ್ಲ. ನನ್ನಕ್ಕನ, ಅಂದರೆ ನಿನ್ನ ದೊಡ್ಡವ್ವನ ಫೈಲು ಹಿಡಿದು ಹುಬ್ಬಳ್ಳಿಗೆ ಓಡಾಡುವವರೆಗೆ ನನಗೂ ಇದು ಗೊತ್ತಿರಲಿಲ್ಲ.

ದೊಡ್ಡವ್ವ ಹೊಟ್ಟೆಬೇನೆಯಿಂದ ಹೋದಳು ಅಂತ ನಿನಗೆ ಹೇಳಿದ್ದೆವು. ಆಗ ನಿನ್ನ ಪಿಯುಸಿ ಪರೀಕ್ಷೆ ಇತ್ತು ಅನ್ನುವುದು ನೆವ ಅಷ್ಟೇ. ಕ್ಯಾನ್ಸರ್ ಅನ್ನುವ ಮಾತೇ ನಮ್ಮ ಬಾಯಿಂದ ಹೊರಡಲಿಲ್ಲ, ಅದೂ ಹೆಂಗಸರ ಜಾಗದ್ದು. ಅವಳಿಗೆ ಆಗಿದ್ದು ಅಂಡಾಶಯದ ಕ್ಯಾನ್ಸರ್.

ಅದಕ್ಕೂ ಮುಂಚಿನ ಬನಶಂಕರಿ ಜಾತ್ರೆ ನೆನಪಿದೆಯಾ? ಬಳೆಗಾರ ಅವಳ ಕೈ ಹಿಡಿದು, "ಅಕ್ಕಾರ, ಹೋದ ವರ್ಷದ ಅಳತಿ ಸಡ್ಲ ಆಗತೈತ್ರಿ" ಅಂದ. ಸಣ್ಣ ಅಳತೆಯವು ಸಲೀಸಾಗಿ ಏರಿದವು. ಅದೇ ರಾತ್ರಿ ಸೀರೆ ಬದಲಿಸುವಾಗ ನೋಡಿದೆ, ಒಳಲಂಗದ ಲಾಡಿ ಅವಳ ಸೊಂಟದ ಸುತ್ತ ಕೆಂಪಗೆ ಬರೆ ಎಳೆದಂತೆ ಕೂತಿತ್ತು. ಹಳೆಯ ಗಂಟು ಬೀಳುತ್ತಿದ್ದ ಜಾಗ ಸುಕ್ಕುಗಟ್ಟಿ ಕಪ್ಪಾಗಿತ್ತು. ಈಗಿನ ಗಂಟು ಅಲ್ಲಿಂದ ನಾಲ್ಕು ಬೆರಳು ಆಚೆ, ಲಾಡಿಯ ತುದಿಗೆ ಬಂದಿತ್ತು. ಕೈ ಸೊರಗಿದ್ದನ್ನೂ ಹೊಟ್ಟೆ ಬೆಳೆದಿದ್ದನ್ನೂ ಒಂದೇ ದಿನ ಕಂಡೆ, ಕೂಡಿಸಿ ನೋಡಲಿಲ್ಲ. "ವಯಸ್ಸಾತಲ್ಲ, ಬಿಡ" ಅಂದಳು. ಇಬ್ಬರೂ ನಕ್ಕೆವು.

ಆಮೇಲೆ ಅರ್ಧ ರೊಟ್ಟಿಗೇ ಹೊಟ್ಟೆ ತುಂಬಿತು ಅನ್ನತೊಡಗಿದಳು. ಅಜವಾನ ಆಯಿತು, ಇಂಗಿನ ನೀರು ಆಯಿತು. ರಾತ್ರಿ ಮೂರು ಸಲ ಮೂತ್ರಕ್ಕೆ ಏಳುತ್ತಿದ್ದಳು, ಸಕ್ಕರೆ ಕಾಯಿಲೆ ಇರಬೇಕು ಅಂದುಕೊಂಡೆವು. ಕೆಳಹೊಟ್ಟೆ ಭಾರ, ಸೊಂಟ ನೋವು. ಒಬ್ಬ ಡಾಕ್ಟರು ನಾಲ್ಕು ತಿಂಗಳು ಗ್ಯಾಸಿನ ಗುಳಿಗೆ ಕೊಟ್ಟರು. ಅವರನ್ನೇನು ಬೈಯಲಿ, ನಮ್ಮ ಕಡೆ ಗ್ಯಾಸ್ ಇಲ್ಲದವರು ಯಾರಿದ್ದಾರೆ? ಕೊನೆಗೆ ಸ್ಕ್ಯಾನ್ ಮಾಡಿದಾಗ ಹೊಟ್ಟೆ ತುಂಬ ನೀರು. ಲಾಡಿ ಬಿಗಿಯಾಗಿದ್ದು ಅದಕ್ಕೆ. ಅಷ್ಟರಲ್ಲಿ ರೋಗ ಹರಡಿಬಿಟ್ಟಿತ್ತು. ಆಪರೇಷನ್ ಆಯಿತು, ಕಿಮೋ ಆಯಿತು, ಅವಳು ಉಳಿಯಲಿಲ್ಲ.

ಹೊಟ್ಟೆ ಉಬ್ಬರ ಯಾರಿಗಾದರೂ ಬರುತ್ತದೆ, ಹೋಗುತ್ತದೆ. ಹೊಸದಾಗಿ ಶುರುವಾಗಿ, ಎರಡು ಮೂರು ವಾರವಾದರೂ ಹೋಗದೆ ಕೂತರೆ ಸುಮ್ನೆ ಇರಬೇಡ. ಉಬ್ಬರ, ಬೇಗ ಹೊಟ್ಟೆ ತುಂಬುವುದು, ಕೆಳಹೊಟ್ಟೆ ನೋವು, ಪದೇ ಪದೇ ಮೂತ್ರ, ಇವುಗಳಲ್ಲಿ ಯಾವುದೇ ಆಗಲಿ, ತಿಂಗಳಲ್ಲಿ 12 ದಿನಕ್ಕಿಂತ ಜಾಸ್ತಿ ಬಂದರೆ ತೋರಿಸಬೇಕಂತೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಗೀಟು ಹಾಕು. ಹೆಚ್ಚಿನ ಸಲ ಬೇರೇನೋ ಕಾರಣ ಇರುತ್ತದೆ, ಹೆದರಬೇಡ. ಈ ಕ್ಯಾನ್ಸರಿನ ಸುಳಿವು ನೋಡಲು ಸಿಎ-125 ಅಂತ ಒಂದು ರಕ್ತ ಪರೀಕ್ಷೆ ಇದೆ. ಅದು ಮುಟ್ಟಿನ ದಿನಗಳಲ್ಲೂ, ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಇದ್ದರೂ ಏರುತ್ತದೆ. ಶುರುವಿನ ಕ್ಯಾನ್ಸರಿನಲ್ಲಿ ಒಮ್ಮೊಮ್ಮೆ ಏರುವುದೇ ಇಲ್ಲ. ಹಾಗಾಗಿ ಅದೊಂದನ್ನೇ ನಂಬದೆ ಸ್ಕ್ಯಾನ್ ಬೇಕಾ ಅಂತ ಬಾಯಿಬಿಟ್ಟು ಕೇಳು. ಮುಟ್ಟು ನಿಂತವರಿಗೆ ರಕ್ತ ಕಂಡರೆ ಒಂದು ದಿನವೂ ಕಾಯಬಾರದು. ಅದು ನನಗೆ ಹೇಳಿಕೊಳ್ಳುತ್ತಿರುವುದು.

ಇನ್ನೊಂದು ಮಾತು. ನನ್ನವ್ವನಿಗೆ, ಅಂದರೆ ನಿಮ್ಮಜ್ಜಿಗೆ ಎದೆಯಲ್ಲಿ ಗಂಟಾಗಿತ್ತು. ಅದೂ ಕ್ಯಾನ್ಸರೇ. ಎರಡೂ ಒಂದೇ ಬೇರಿನವು ಇರಬಹುದಂತೆ. ಅಂಡಾಶಯದ ಕ್ಯಾನ್ಸರ್ ಸಾಮಾನ್ಯವಾಗಿ ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುತ್ತದೆ. ಹೆತ್ತವರಿಂದ ಮಕ್ಕಳಿಗೆ ಬರುವ ಬಿಆರ್‌ಸಿಎ1 ಅನ್ನುವ ಜೀನ್ ಕೆಟ್ಟಿದ್ದರೆ ನೂರರಲ್ಲಿ ಸುಮಾರು 40 ಮಂದಿಗೆ. ಆ ದೋಷ ಅಪ್ಪನ ಕಡೆಯಿಂದಲೂ ಬರುತ್ತದೆ, ನಿಮ್ಮ ಅತ್ತೆಯರನ್ನೂ ಕೇಳಬೇಕು. ಅವರು ಹೇಳಿದರೆ!

ಆ ಜೀನಿನ ಪರೀಕ್ಷೆ ಮೊದಲು ನಾನೇ ಮಾಡಿಸುತ್ತೇನೆ. ನನ್ನಲ್ಲಿ ಆ ದೋಷ ಇಲ್ಲದಿದ್ದರೆ ನನ್ನಿಂದ ನಿನಗೆ ಬಂದಿರುವುದಿಲ್ಲ. ಮಂಗಳವಾರ ಹುಬ್ಬಳ್ಳಿಗೆ ಹೋಗುತ್ತೇವೆ. ನಿಮ್ಮಪ್ಪ "ನಾ ಹೊರಗ ಕುಂದರತೀನಿ" ಅಂದರು. ಒಳಗೇ ಬರ್ರಿ ಅಂದಿದ್ದೇನೆ.

ಕಡಕ್ ರೊಟ್ಟಿ, ಗುರೆಳ್ಳು ಚಟ್ನಿ ಬಸ್ಸಿಗೆ ಹಾಕಿದ್ದೇನೆ. ಹಬ್ಬದ ಹೊತ್ತಿಗೆ ಜೀನ್ಸ್ ಬಿಗಿಯಾಗ್ತಿದೆ, ಗ್ಯಾಸ್ ಅಂದಿದ್ದೆಯಲ್ಲ, ಅದು ಹೋಯ್ತಾ? ಎಷ್ಟು ದಿನ ಇತ್ತು, ಬರೆದು ಕಳಿಸು.

ನಿನ್ನ ಅವ್ವ