ಹೊಲಿಗೆ ಬಿಚ್ಚಿದ ಮಾತ್ರಕ್ಕೆ ಕುದುರೆಯ ಕಾಲು ಗಟ್ಟಿಯಾಗದು

ಮಾನ್ಯರೇ,

ಮದುವೆ ಹಂಗಾಮು ಬಂತೆಂದರೆ ರಾಯಚೂರು, ಸಿಂಧನೂರು, ಗಂಗಾವತಿ ಕಡೆಯ ಮೆರವಣಿಗೆ ಕುದುರೆಗಳಿಗೆ ಬಿಡುವೇ ಇರದು. ಕಾಲಿಗೆ ಶಸ್ತ್ರಚಿಕಿತ್ಸೆ ಆದ ಕುದುರೆಯನ್ನೂ ಹೊಲಿಗೆ ಬಿಚ್ಚಿದ ವಾರದಲ್ಲೇ ಡಾಂಬರು ರಸ್ತೆಗೆ ತಂದು ಬ್ಯಾಂಡಿನ ಮುಂದೆ ಕುಣಿಸುತ್ತಾರೆ. ಚರ್ಮ ಕೂಡಲು 10ರಿಂದ 14 ದಿನ ಸಾಕು. ಒಳಗಿನ ಲಿಗಮೆಂಟಿನ ಲೆಕ್ಕ ತಿಂಗಳುಗಳದ್ದು. ಜನ ಇದನ್ನು ‘ನರ’ ಎನ್ನುತ್ತಾರೆ, ಆದರೆ ಇದು ನರವಲ್ಲ, ಎಲುಬಿಗೆ ಎಲುಬು ಕಟ್ಟಿಹಿಡಿಯುವ ನಾರು. ಇದಕ್ಕೆ ರಕ್ತ ಹರಿಯುವುದೇ ಕಡಿಮೆ, ಹಾಗಾಗಿ ಮಾಯುವುದೂ ನಿಧಾನ.

ಈ ಅವಸರಕ್ಕೆ ನಮ್ಮ ಎತ್ತುಗಳೂ ಒಂದು ಕಾರಣ. ಹಿಂಗಾಲಿನ ಮಂಡಿಚಿಪ್ಪು ಸಿಕ್ಕಿಕೊಂಡು ಕಾಲು ಝಾಡಿಸಿ ನಡೆಯುವ ಎತ್ತಿಗೆ ಒಳಬದಿಯ ನಾರು ಕತ್ತರಿಸಿದರೆ ಅದು ಎದ್ದು ಸಲೀಸಾಗಿ ನಡೆದುಬಿಡುತ್ತದೆ. ರೈತರು ಇದನ್ನು ಕಣ್ಣಾರೆ ಕಂಡಿದ್ದಾರೆ. ಕುದುರೆಯಲ್ಲೂ ಅದೇ ನಾರು, ಹೆಚ್ಚುಕಡಿಮೆ ಅದೇ ಕತ್ತರಿ. ಆದರೆ ಕುದುರೆಯ ಮಂಡಿಯಲ್ಲಿ ಆ ನಾರು ಚಿಪ್ಪನ್ನು ತೊಡೆ ಎಲುಬಿನ ತುದಿಯ ಉಬ್ಬಿಗೆ ಕೊಕ್ಕೆಯಂತೆ ಸಿಕ್ಕಿಸುತ್ತದೆ. ಕುದುರೆ ನಿಂತೇ ತೂಕಡಿಸುವುದು ಅದರ ಬಲದಿಂದ. ಅದನ್ನು ಕತ್ತರಿಸಿದ ಮೇಲೆ ಚಿಪ್ಪಿನ ಹಿಡಿತ ಸಡಿಲವಾಗುತ್ತದೆ, ಸುತ್ತಲಿನ ಸ್ನಾಯು ಆ ಕೆಲಸ ವಹಿಸಿಕೊಳ್ಳುವವರೆಗೂ ಚಿಪ್ಪು ಅಲುಗಾಡುತ್ತಿರುತ್ತದೆ. ಆ ಹೊತ್ತಿನಲ್ಲಿ ಓಡಿಸಿದರೆ ಚಿಪ್ಪಿನ ಕೆಳತುದಿ ಚೂರಾಗುತ್ತದೆ, ಮೊದಲಿದ್ದಕ್ಕಿಂತ ದೊಡ್ಡ ಕುಂಟು ಶುರುವಾಗುತ್ತದೆ. ಅದಕ್ಕೇ 2–3 ತಿಂಗಳು ಟಾಂಗಾಕ್ಕೂ ಕಟ್ಟಬಾರದು, ಮೆರವಣಿಗೆಗೂ ಒಯ್ಯಬಾರದು. ಹೊಟ್ಟೆ ಅಂಟಿದ, ತೊಡೆ ಇಳಿದ ಕುದುರೆಗಳಲ್ಲೇ ಚಿಪ್ಪು ಸಿಕ್ಕಿಕೊಳ್ಳುವ ತೊಂದರೆ ಹೆಚ್ಚು. ಒಳ್ಳೆ ಮೇವು, ಗೊರಸಿನ ಕೆತ್ತನೆ, ದಿನಾ ನೇರ ನಡಿಗೆ ಇವಿಷ್ಟರಿಂದಲೇ ಎಷ್ಟೋ ಕುದುರೆಗಳು ಕತ್ತರಿಯಿಲ್ಲದೆ ಸುಧಾರಿಸುತ್ತವೆ. ಮೊದಲು ಅದನ್ನು ಮಾಡಿ ನೋಡಬೇಕು.

ಗೊರಸಿನ ಮೇಲಿನ ಗೆಣ್ಣನ್ನು ಹಿಂದಿನಿಂದ ಪಟ್ಟಿಯಂತೆ ಸುತ್ತುವ ನಾರನ್ನು ಕತ್ತರಿಸಿ ಬಿಡಿಸಿದ್ದರೆ ಮಾತು ಬೇರೆ. ಅಲ್ಲಿ ಕಟ್ಟಿಹಾಕಿ ನಿಲ್ಲಿಸುವುದೇ ಅಪಾಯ. ಗಾಯ ಮಾಯುತ್ತಾ ಹೊಸ ನಾರು ಪಕ್ಕದ ಸ್ನಾಯುರಜ್ಜುವಿಗೆ (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿಗೆ) ಅಂಟಿಕೊಂಡರೆ ಕೀಲು ಮಡಚುವುದೇ ಇಲ್ಲ. ಅಂಥ ಕುದುರೆಯನ್ನು ಡಾಕ್ಟರು ಹೇಳಿದ ದಿನದಿಂದಲೇ, ಸಾಮಾನ್ಯವಾಗಿ ಮೊದಲ ವಾರದಲ್ಲೇ, ಬ್ಯಾಂಡೇಜಿನ ಸಮೇತ ಹಗ್ಗ ಹಿಡಿದು 5 ನಿಮಿಷ ನಡೆಸಬೇಕು, ದಿನಕ್ಕೆ ಎರಡು ಸಲ.

ಮುಂದಿನ ನಡಿಗೆ ಗಡಿಯಾರ ನೋಡಿಯೇ ಆಗಬೇಕು. ಮೂರನೇ ವಾರಕ್ಕೆ 10 ನಿಮಿಷ, ಆಮೇಲೆ ವಾರಕ್ಕೆ 5 ನಿಮಿಷದಂತೆ ಏರಿಸಿದರೆ ಎರಡು ತಿಂಗಳ ಹೊತ್ತಿಗೆ ಒಂದು ಸಲಕ್ಕೆ ಅರ್ಧ ಗಂಟೆ ದಾಟುತ್ತದೆ. ಹೊಸ ನಾರು ಮೊದಲು ಅಡ್ಡಾದಿಡ್ಡಿ ಹೆಣೆದುಕೊಂಡಿರುತ್ತದೆ, ಹದವಾದ ಭಾರ ಬಿದ್ದಾಗಲೇ ಎಳೆತದ ದಿಕ್ಕಿಗೆ ಸಾಲಾಗುತ್ತದೆ. ಭಾರವೇ ಬೀಳದಿದ್ದರೆ ಗಂಟುಗಂಟಾಗುತ್ತದೆ, ಅತಿಯಾದರೆ ಹರಿಯುತ್ತದೆ. ಕುಕ್ಕುಲೋಟ ಮೂರನೇ ತಿಂಗಳಿಗಿಂತ ಮುಂಚೆ ಬೇಡ, ಆಗಲೂ ನೇರ ದಾರಿಯಲ್ಲಿ ಒಂದೆರಡು ನಿಮಿಷ ಮಾತ್ರ. ಹಗ್ಗ ಹಿಡಿದು ಗಿರಕಿ ಹೊಡೆಸುವುದಂತೂ ಬೇಡವೇ ಬೇಡ. ನಾರಿನ ನಡುವೆಯೇ ಹರಿದಿದ್ದರೆ ಪೂರಾ ದುಡಿಮೆಗೆ 9ರಿಂದ 12 ತಿಂಗಳು ಹಿಡಿಯುತ್ತದೆ. ಸ್ಕ್ಯಾನ್ ಮಾಡಿಸಲು ಅನುಕೂಲವಿದ್ದರೆ ಪ್ರತಿ ಹಂತ ಏರಿಸುವ ಮುಂಚೆ ಮಾಡಿಸುವುದು ಒಳ್ಳೆಯದು.

ಹೊಲಿಗೆ ಬಿಚ್ಚಿದ ಮೇಲೆ ಕಾಲೆತ್ತಿ ಗೆಣ್ಣನ್ನು ನಿಧಾನ ಮಡಚಿ, ಹತ್ತು ಎಣಿಸಿ ಬಿಡಬೇಕು. ಒಂದು ಸಲಕ್ಕೆ ಎಂಟು-ಹತ್ತು ಬಾರಿ. ಕುದುರೆ ಕಾಲು ಕಸಿದುಕೊಂಡರೆ ಅಲ್ಲಿಗೆ ನಿಲ್ಲಿಸಬೇಕು. ಎರಡು ತಿಂಗಳಾದ ಮೇಲೆ ನಾಲ್ಕೈದು ಬಿದಿರಿನ ಗಳುಗಳನ್ನು ಎರಡೂವರೆ-ಮೂರು ಅಡಿ ಅಂತರದಲ್ಲಿ ನೆಲಕ್ಕೆ ಹಾಕಿ ಮೇಲಿಂದ ನಡೆಸಿದರೆ ಗೊರಸು ಎಳೆಯುವ ಚಟ ಬಿಡುತ್ತದೆ, ತೊಡೆಯೂ ತುಂಬಿಕೊಳ್ಳುತ್ತದೆ.

ಯಾವ ನೆಲದ ಮೇಲೆ ನಡೆಸುತ್ತೇವೆ ಎಂಬುದು ನಮ್ಮ ಸೀಮೆಯಲ್ಲಿ ದೊಡ್ಡ ವಿಷಯ. ಎರೆ ಹೊಲ ಮಳೆಗಾಲದಲ್ಲಿ ಕಾಲು ಹೀರಿಕೊಳ್ಳುತ್ತದೆ, ಬೇಸಿಗೆಯಲ್ಲಿ ಗೊರಸು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ತುಂಗಭದ್ರೆಯ ಒಣ ಮರಳು ಮೆತ್ತಗೆ ಕಂಡರೂ ಗೊರಸು ಹೂತು ನಾರು ಜಗ್ಗುತ್ತದೆ. ಗಟ್ಟಿಯಾಗಿ ಕೂತ ಮಸಾರಿ (ಕೆಂಪು) ಮಣ್ಣಿನ ಹೊಲದ ದಾರಿಯೇ ಮೇಲು. ಏಪ್ರಿಲ್-ಮೇನಲ್ಲಿ ಬಿಸಿಲೇರುವ ಮುಂಚೆ, ಬೆಳಿಗ್ಗೆ ಆರಕ್ಕೇ ನಡಿಗೆ ಮುಗಿಯಬೇಕು. ಗಾಯ ಪೂರ್ತಿ ಒಣಗಿದ ಮೇಲೆ ಕಾಲಿಗೆ 20 ನಿಮಿಷ ತಣ್ಣೀರು ಬಿಡಬಹುದು. ಕಾಲುವೆಗೆ ಮಾತ್ರ ಇಳಿಸಬೇಡಿ, ಪಾಚಿ ಕಟ್ಟಿದ ಸಿಮೆಂಟಿನ ಮೇಲೆ ಒಮ್ಮೆ ಜಾರಿದರೆ ಮುಗಿಯಿತು.

ಬೆಳಿಗ್ಗೆ ನಡಿಗೆಗೆ ಮುಂಚೆ ಎರಡೂ ಕಾಲಿಗೆ ಅಂಗೈ ಹಿಂಬದಿ ತಾಗಿಸಿ ಬಿಸಿ ನೋಡಿ. ದರ್ಜಿಯ ಟೇಪಿನಿಂದ ಅದೇ ಜಾಗದ ಸುತ್ತಳತೆ ತೆಗೆದು ಬರೆದಿಡಿ. ನಿನ್ನೆಗಿಂತ ಒಂದು ಸೆಂಟಿಮೀಟರ್ ಊದಿದ್ದರೆ, ಇಲ್ಲವೇ ಹೆಜ್ಜೆ ಗಿಡ್ಡವಾಗಿದ್ದರೆ, ಹಿಂದಿನ ವಾರದ ನಿಮಿಷಕ್ಕೆ ಮರಳಿ ಡಾಕ್ಟರಿಗೆ ತಿಳಿಸಿ. ನೋವಿನ ಪುಡಿ ಹಾಕಿ ನಡೆಸಿದರೆ ಈ ಯಾವ ಸುಳಿವೂ ಸಿಗದು, ಜಾಸ್ತಿಯಾದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡವೂ ಕೆಡುತ್ತದೆ. ಬ್ಯಾಂಡೇಜಿನ ಒಳಗೆ ದಪ್ಪ ಹತ್ತಿ ಇರಲೇಬೇಕು, ಒಂದು ಬೆರಳು ಒಳಗೆ ತೂರಬೇಕು. ಬಿಗಿಯಾದ ಕಟ್ಟು ಸ್ನಾಯುರಜ್ಜುವನ್ನೇ ಕೆಡಿಸುತ್ತದೆ. ಎದುರಿನ ಕಾಲಿಗೂ ಆಸರೆಯ ಬ್ಯಾಂಡೇಜು ಸುತ್ತಬೇಕು. ದೇಹದ ಭಾರವೆಲ್ಲ ಅದರ ಮೇಲೆ ಬಿದ್ದು ಗೊರಸಿನ ಒಳಪದರ ಉರಿಯೂತಕ್ಕೆ ಸಿಕ್ಕರೆ ಕುದುರೆ ಉಳಿಯುವುದೇ ಕಷ್ಟ. ಸುಣ್ಣ-ಅರಿಶಿನದ ಪಟ್ಟು, ಕಾದ ಕಬ್ಬಿಣದ ಬರೆ ಎರಡನ್ನೂ ಕೈಬಿಡಬೇಕು. ಧನುರ್ವಾಯು ಕುದುರೆಗೆ ಬಲು ಬೇಗ ತಗಲುವುದರಿಂದ ಅದರ ಚುಚ್ಚುಮದ್ದು ಹಾಕಿದ್ದೀರಾ ಎಂದು ಡಾಕ್ಟರನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ.

ಕೆಲಸವಿಲ್ಲದ ಕುದುರೆಗೆ ಹುರುಳಿ, ಬೂಸಾ ಅರ್ಧಕ್ಕಿಂತ ಕಡಿಮೆ ಮಾಡಿ. 300 ಕಿಲೋ ತೂಗುವ ಕುದುರೆಗೆ 5–6 ಕಿಲೋ ಒಣ ಹುಲ್ಲು, ಮುಂದೆ ಸದಾ ನೀರು. ಕಾಳು ಇಳಿಸದೆ ನಿಲ್ಲಿಸಿ ಒಮ್ಮೆಲೇ ದುಡಿಸಿದರೆ ತೊಡೆಯ ಸ್ನಾಯು ಸೆಟೆದು ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಹಸಿ ಜೋಳದ ಮೇವನ್ನು ವಾರಗಟ್ಟಲೆ ತಿಂದ ಕುದುರೆಗೆ ಮೂತ್ರಕೋಶ ಊದಿ ಹಿಂಗಾಲು ತೂರಾಡುವುದುಂಟು. ಅದನ್ನು ಶಸ್ತ್ರಚಿಕಿತ್ಸೆ ಕೆಟ್ಟಿತೆಂದು ತಿಳಿದುಕೊಳ್ಳುವವರಿದ್ದಾರೆ.

ಟಾಂಗಾದವರಿಗೆ ಮೂರು ತಿಂಗಳ ಬಿಡುವೆಂದರೆ ಮೂರು ತಿಂಗಳ ಅನ್ನದ ಪ್ರಶ್ನೆ, ಅದು ಗೊತ್ತಿದೆ. ಅದಕ್ಕೇ ಕತ್ತರಿ ಹಾಕುವ ಮುಂಚೆಯೇ ಪಶುವೈದ್ಯರು ಯಾವ ವಾರ ಎಷ್ಟು ನಿಮಿಷ, ಮತ್ತೆ ತೋರಿಸುವ ದಿನ ಯಾವುದು ಎಂದು ಕನ್ನಡದಲ್ಲಿ ಬರೆದು ಮಾಲೀಕರ ಕೈಗೆ ಕೊಡಬೇಕು. ಮೆರವಣಿಗೆಗೆ ಕುದುರೆ ಗೊತ್ತುಮಾಡುವ ಮನೆಯವರು ಮುಂಗಡ ಕೊಡುವಾಗ ನಾಲ್ಕೂ ಕಾಲು ನೋಡಲಿ. ಕುರಿ ಹಿಂಡಿನ ಜೊತೆ ಸಾಮಾನು ಹೊರುವ ಟಟ್ಟುವಿಗೆ ಕತ್ತರಿ ಬಿದ್ದಿದ್ದರೆ, ಹಿಂಡು ಮುಂದೆ ಹೋಗಲಿ, ಟಟ್ಟು ಆ ಎರಡು-ಮೂರು ತಿಂಗಳು ಊರಲ್ಲೇ ಇರಲಿ.

– ಪಶುವೈದ್ಯ, ರಾಯಚೂರು